ಕೀಡಿಗಿ ಕಿವಿ

ನೀ ಜೇವರ್ಗಿಗಿ ಹೋದ ಮೂರನೇ ದಿನ
ನಿನ್ನ ಮಗಳು ಸಾಲಿಂದ ಚೀಟಿ ತಂದಳು:
ಗ್ಯಾದರಿಂಗಿನ್ಯಾಗ ವೇಷ ಹಾಕಬೇಕಂತ.
ಟೀಚರು ಬರದು ಕೊಟ್ಟ ಪಟ್ಟಿ ಅದ—
ರಾಣಿ, ಸೈನಿಕ, ಡಾಕ್ಟರು, ಹೂವು, ಚಿಟ್ಟಿ.
ಬೌರಮ್ಮ ಪಟ್ಟಿ ನೋಡಿ, ಮಡಚಿ,
ನನ್ನ ಅಂಗಿ ಕಿಸೆದಾಗ ತುರುಕಿ ಹೇಳಿದಳು:
"ನಾ ಕೀಡಿ ಆಗ್ತೀನಿ."

ಯಾವ ಕೀಡಿ?
"ತೊಗರ್ಯಾಗಿಂದು. ಹಸರಂದು."

ನಿನಗ ನೆಪ್ಪದನ? ದೀಪಾಳಿ ಸೂಟ್ಯಾಗ
ನಿಮ್ಮಪ್ಪ ಬುಡಕ ಚಾದರ ಹಾಸಿ
ಒಂದೊಂದೇ ಗಿಡ ಹಿಡದು ಜಾಡಿಸಿದ್ದ.
ಪಟಪಟ ಬಿದ್ದಿದ್ವು.
ಎಲ್ಲರೂ ಅವನ್ನ ಸುರುವಲಾಕ ಹೋದರ
ಇಕಿ ಒಂದನ್ನ ಕಡ್ಡಿಪೆಟಗ್ಯಾಗ ಮುಚ್ಚಿಕೊಂಡು
ಬಸ್ಸಿನ್ಯಾಗ ಕಲಬುರಗಿ ತನಕ ತಂದಿದ್ದಳು.
ಬ್ಯಾಳಿ ಹಾಕಿದಳು. ತಿನ್ನಲಿಲ್ಲ.
ಒಂದಿನ ಪೆಟಗಿ ಖಾಲಿ.
ಎಲ್ಲಿ ಹೋಯ್ತು ಅಂತ ನನಗ ಇವತ್ತಿಗೂ ಕೇಳ್ತಾಳ,
ಬ್ಯಾಳಿ ಮಿಲ್ಲಿನ್ಯಾಗ ಹಮಾಲಿ ಮಾಡೋನಿಗಿ
ಕೀಡಿಗೋಳ ವಿಳಾಸ ಗೊತ್ತಿರ್ತದ ಅನ್ನೂವಂಗ.

ನೀ ಫೋನಿನ್ಯಾಗ ಅಂದಿ:
ಸುಪರ್ ಮಾರ್ಕೆಟ್ಟಿನ್ಯಾಗ ರಾಣಿ ಡ್ರೆಸ್ ಬಾಡಿಗಿಗಿ ಸಿಗ್ತದ,
ಇನ್ನೂರು ರೂಪಾಯಿ, ಕಿರೀಟ ಸೈತ.
ನಿನ್ನ ಹಿಂದ ತಂಗಿ ಕೂಸು ಅಳತಿತ್ತು.
ನಾ ಹ್ಞೂಂ ಅಂದೆ.
ಅಂದಿದ್ದು ಅಷ್ಟೇ.

ಹೊಲಿಗಿ ಮಷಿನ್ ನಿಂದು. ಮುಟ್ಟಲಿಲ್ಲ.
ನನಗ ಬರೂದು ದಬ್ಬಣ, ಸುತಳಿ, ಚೀಲದ ಬಾಯಿ.
ಹನ್ನೆರಡು ವರ್ಷ ಗಂಜಿನ್ಯಾಗ ಹೊಲದ ಹೊಲಿಗಿ ಅದು—
ಲಾರಿ ಮ್ಯಾಲಿಂದ ಒಗದರೂ
ಒಂದು ಕಾಳು ಹೊರಗ ಬರಬಾರದು.
ಮುಕಡ್ದಂ ಸಾಯಬಣ್ಣ ಎರಡು ಖಾಲಿ ಚೀಲ ಕೊಟ್ಟ,
ಯಾಕಂತ ಕೇಳಿದ, ನಕ್ಕ:
"ಊರೆಲ್ಲಾ ಕೀಡಿಗಿ ಔಷಧ ಹೊಡೀತದ,
ನೀ ಮನ್ಯಾಗ ಸಾಕ್ತಿ."
ಚೀಲಕ್ಕ ಮಾರ್ಕಾ ಹೊಡಿಯೂ ಹಸರು ಬಣ್ಣ
ಮೈಬೂಬ ತಂಬಿಗ್ಯಾಗ ತಂದ.

ಮೂರು ನೀರಿನ್ಯಾಗ ಒಗದೆ. ತೊಗರಿ ಧೂಳಿನ ವಾಸನಿ ಹೋಗಲಿಲ್ಲ.
ಅಕಿ ಮೂಸಿ ಅಂದಳು: "ಇರಲಿ. ಕೀಡಿಗಿ ಇದೇ ಬೇಕು."
ಸೆಣಬು ಕುತ್ತಿಗಿಗಿ ಚುಚ್ಚತದಂತ
ಒಳಗ ನಿನ್ನ ಹಳೇ ಇಳಕಲ್ ಸೀರಿ ಹಚ್ಚೀನಿ—
ಸೆರಗು ಹರದದ್ದು, ಬೈಯಬ್ಯಾಡ.
ಕೈಗಿ ಎರಡು ತೂತು. ನಡುನಡುವ ಸುತಳಿ ಬಿಗಿದು
ಉಬ್ಬಿನೊಳಗ ಹಳೇ ಗಾದಿ ಹತ್ತಿ.
ಏಳು ಉಬ್ಬು ಸಾಕಂದೆ.
ಅಕಿ ಪೆಟಗ್ಯಾಗಿದ್ದಾಗ ಎಣಿಸಿದ್ದಳಂತ: ಹದಿಮೂರು.
ಕರೆಂಟ್ ಹೋಯ್ತು. ಮೊಬೈಲ್ ಬೆಳಕು ಹಿಡದು ನಿಂತಳು,
ನಿಂತಲ್ಲೇ ತೂಕಡಿಸಿದಳು,
ಬೆಳಕು ಗ್ವಾಡಿ ಏರಿ ಇಳೀತು.
ಅದು ಹೋದ ಕಡೆ ನಾ ಹೊಲದೆ.

ಅದಕ್ಕೇ ಇರಬೇಕು:
ತಲಿ ಮುಗಿಸುವಾಗ ಕೈ ತನ್ನಷ್ಟಕ್ಕ ತಾನೇ
ಎರಡೂ ಮೂಲ್ಯಾಗ ಕಿವಿ ಬಿಟ್ಟದ,
ಚೀಲ ಎತ್ತಲಾಕ ಬಿಡತೀವಲ್ಲ, ಹಂಗ.
ಮುಂಜಾನಿ ನೋಡಿದೆ. ಬಿಚ್ಚಲಾಕ ವ್ಯಾಳ್ಯಾ ಇರಲಿಲ್ಲ.

ಸ್ಟೇಜ್ ಮ್ಯಾಲ ಆರು ಮಂದಿ ರಾಣಿಯರು,
ಒಂದೇ ನಮೂನಿ ಕಿರೀಟ.
ಆಮ್ಯಾಲ ತೆವಳಿಕೋತ ಬಂತು
ಎರಡು ಕಿವಿ ಇರೋ ಹಸರು ಚೀಲ.
ಟೀಚರು ಮೈಕ್ ಹಿಡದು ಕೇಳಿದರು:
"ಹುಳಕ್ಕೆ ಎಲ್ಲಾದರೂ ಕಿವಿ ಇರುತ್ತಾ, ಪುಟ್ಟಿ?"
ಇಕಿ ತಡವರಿಸಲಿಲ್ಲ:
"ಗಿಡ ಜಾಡಿಸಲಾಕ ಬರೋರ ಸಪ್ಪಳ ಕೇಳಬೇಕಲ್ರಿ."

ಅಷ್ಟು ಹೇಳಿ, ಒಳಗಿಂದ ಹಸಿ ತೊಗರಿ ಕಾಯಿ ತಗದು
ಸುಲಿದು ತಿನ್ನಲಾಕ ಕುಂತಳು.
ಗಂಟಿ ಹೊಡದರು. ತಿಂದಳು.
ಮುಂದಿನ ಡಾಕ್ಟರು ಬಂದು ಬಾಜೂಕ ನಿಂತ.
ಅವನಿಗೊಂದು ಕೊಟ್ಟಳು.

ಬಹುಮಾನ ರಾಣಿಗಿ ಬಂತು, ಯಾವ ರಾಣಿಗೋ.

ನಡಕೊಂಡೇ ಬಂದ್ವಿ. ಗಂಜ್ ದಾಟುವಾಗ
ಕಾಲು ನೋಯ್ತಾವ ಅಂದಳು, ಬೆನ್ನಿಗಿ ಹಾಕ್ಕೊಂಡೆ.
ಒಂದು ಕೈ ಕೆಳಗ; ಇನ್ನೊಂದು, ರೂಢಿ ನೋಡು,
ಹೋಗಿ ಕಿವಿ ಹಿಡೀತು.
ಹದಿನೆಂಟು ಕಿಲೋ ಇದ್ದಾಳು,
ಸಾಯಬಣ್ಣನ ವಹಿಯಾಗ ಬರಿಯದ ಚೀಲ.

ಬಿಚ್ಚಲಾಕ ಬಿಡವಲ್ಲಳು. ಹಂಗೇ ಮಲಗ್ಯಾಳ.
ನೀ ಬಂದಾಗ ಬಾಗಲಾ ಮೆಲ್ಲಕ ತೆರಿ.
ಕೇಳಸ್ತದ ಅಕಿಗಿ.